ಮಲಗಿಸೋದು ಸುಲಭ, ಎಬ್ಬಿಸೋದೇ ಕಷ್ಟ

"ಸ್ಲೀಪ್‌ಗೆ ಹಾಕಿ ಊಟಕ್ಕೆ ಹೋಗಿದ್ದೆ ಸರ್. ಬಂದು ಎಬ್ಬಿಸಿದ್ರೆ ನೀಲಿ ಸ್ಕ್ರೀನ್ ಬಂದು ಸತ್ತೋಯ್ತು." ಡೆಸ್ಕ್‌ಟಾಪ್ ಇಟ್ಟುಕೊಂಡವರಲ್ಲಿ ಬಹಳ ಜನ ಒಂದಲ್ಲ ಒಂದು ದಿನ ಹೇಳಿರುವ ಮಾತಿದು. ಕೆಲವರಿಗೆ ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪಗೇ ಇರುತ್ತೆ. ಇನ್ನು ಕೆಲವರಿಗೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಮೊದಲಿಂದ ಶುರುವಾಗುತ್ತೆ, ತೆರೆದಿಟ್ಟಿದ್ದ ಕೆಲಸವೆಲ್ಲ ಮಾಯ. ರಿಪೇರಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ತೀರ್ಪು ಎರಡೇ: "ವಿಂಡೋಸ್ ಹೊಸದಾಗಿ ಹಾಕ್ಬೇಕು", ಇಲ್ಲಾಂದ್ರೆ "ಮದರ್‌ಬೋರ್ಡ್ ಹೋಗಿದೆ".

ಎರಡೂ ತಪ್ಪಿರಬಹುದು. ಈ ರೋಗದ ಬೇರು ಎಷ್ಟೋ ಸಲ ಇವತ್ತಿನದಲ್ಲ, ಮೂವತ್ತು ವರ್ಷದ ಹಿಂದಿನದು. ಆ ಕಥೆ ಗೊತ್ತಿದ್ದರೆ ರೋಗ ಎಲ್ಲಿದೆ ಅಂತ ಅರ್ಧ ಗೊತ್ತಾದ ಹಾಗೆ. ಅದಕ್ಕೇ ಈ ಲೇಖನ.

ನನ್ನ ಹೊಟ್ಟೆಪಾಡೂ ಇದೇ. ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯಲ್ಲಿ ಯಂತ್ರಗಳನ್ನು ಮಲಗಿಸಿ ಎಬ್ಬಿಸುವ ಸಾಫ್ಟ್‌ವೇರ್ ಬರೆಯುವ ಟೀಮಿನಲ್ಲಿದ್ದೇನೆ. ಊರಲ್ಲಿ ಅಜ್ಜಿಗೆ ಇದನ್ನು ವಿವರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಲಗ್ಸೋಕೂ ಸಂಬಳ ಕೊಡ್ತಾರೇನೋ ಮಗಾ?" ಮಲಗಿಸೋಕೆ ಯಾರೂ ಕೊಡಲ್ಲ ಅಜ್ಜೀ, ಎಬ್ಬಿಸೋಕೆ ಕೊಡ್ತಾರೆ ಅಂದೆ. ರಾತ್ರಿಯೆಲ್ಲ ಒಂದೇ ಯಂತ್ರವನ್ನು ಸಾವಿರ ಸಲ ಮಲಗಿಸಿ ಸಾವಿರ ಸಲ ಎಬ್ಬಿಸುವ ಟೆಸ್ಟ್ ಹಾಕಿ ಮನೆಗೆ ಬರ್ತೀವಿ. ಬೆಳಿಗ್ಗೆ ಹೋಗಿ ನೋಡಿದರೆ ಏಳುನೂರ ಹನ್ನೆರಡನೇ ಸಲಕ್ಕೆ ಎದ್ದಿರಲ್ಲ. ಆ ಒಂದು ಸಲ ಯಾಕೆ ಏಳಲಿಲ್ಲ ಅಂತ ಹುಡುಕೋದೇ ಕೆಲಸ.

ಕಂಪ್ಯೂಟರಿಗೆ ಮೊದಲು ನಿದ್ದೆ ಅನ್ನೋದೇ ಇರಲಿಲ್ಲ. ಸ್ವಿಚ್ ಒತ್ತಿದರೆ ಎಚ್ಚರ, ಇನ್ನೊಂದು ಸಲ ಒತ್ತಿದರೆ ಸಾವು. ವಿಂಡೋಸ್ 95 ಕಾಲದ ಹಳೇ ಪಿಸಿಗಳನ್ನು ಬಳಸಿದವರಿಗೆ ನೆನಪಿರಬಹುದು, ಶಟ್‌ಡೌನ್ ಕೊಟ್ಟರೆ ಕಪ್ಪು ಪರದೆ ಮೇಲೆ ಕಿತ್ತಳೆ ಬಣ್ಣದ ಅಕ್ಷರ ಬರುತ್ತಿತ್ತು: ಈಗ ಆಫ್ ಮಾಡಿದರೆ ತೊಂದರೆ ಇಲ್ಲ ಅಂತ. ಯಂತ್ರಕ್ಕೆ ತನ್ನನ್ನು ತಾನು ಆರಿಸಿಕೊಳ್ಳುವ ಶಕ್ತಿಯೂ ಇರಲಿಲ್ಲ. ತಾಲ್ಲೂಕು ಕೇಂದ್ರದ ಕಂಪ್ಯೂಟರ್ ಸೆಂಟರಿನಲ್ಲಿ ನಾವು ಆ ಅಕ್ಷರ ಬರುವ ತನಕ ಕಾದು, ಕಟಕ್ ಅಂತ ಬಟನ್ ಒತ್ತಿ ಎದ್ದು ಬರುತ್ತಿದ್ದೆವು.

ನಿದ್ದೆ ಬಂದಿದ್ದು ಅಮೆರಿಕದ ಆಫೀಸುಗಳ ಕರೆಂಟ್ ಬಿಲ್ಲಿನಿಂದ. ಜನ ಮನೆಗೆ ಹೋದಮೇಲೂ ಲಕ್ಷಾಂತರ ಪಿಸಿಗಳು ಉರಿಯುತ್ತಲೇ ಇರುತ್ತಿದ್ದವು. 1992ರಲ್ಲಿ ಅಲ್ಲಿನ ಪರಿಸರ ಇಲಾಖೆ ಎನರ್ಜಿ ಸ್ಟಾರ್ ಅನ್ನೋ ಗುರುತು ತಂದಿತು. ಕೆಲಸ ಇಲ್ಲದಾಗ ಕಂಪ್ಯೂಟರ್ 30 ವ್ಯಾಟ್ ಒಳಗೆ ಇಳಿಯಬೇಕು, ಆಗ ಮಾತ್ರ ಆ ಚೀಟಿ. ಮರುವರ್ಷ ಅಲ್ಲಿನ ಸರ್ಕಾರ ತಾನು ಕೊಳ್ಳುವ ಪಿಸಿಗಳಿಗೆ ಈ ಗುರುತು ಇರಬೇಕು ಅಂದಿತು. ಅಷ್ಟು ದೊಡ್ಡ ಗಿರಾಕಿ ಕೇಳಿದ ಮೇಲೆ ಯಾವ ಕಂಪನಿ ಇಲ್ಲ ಅನ್ನುತ್ತೆ?

1992ರಲ್ಲೇ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಎಪಿಎಂ ಅನ್ನೋ ವ್ಯವಸ್ಥೆ ಮಾಡಿದ್ದವು. ಅದರಲ್ಲಿ ಯಜಮಾನಿಕೆ ಹೆಚ್ಚಾಗಿ ಬಯೋಸ್‌ನದ್ದು, ಅಂದರೆ ಮದರ್‌ಬೋರ್ಡಿನ ಚಿಪ್ಪಿನಲ್ಲಿ ಕೂತಿರುವ ಪುಟ್ಟ ಪ್ರೋಗ್ರಾಮಿನದ್ದು. ಮನೆಯವರಿಗೆ ಹೇಳದೆ ಮೇನ್ ಸ್ವಿಚ್ ತೆಗೆಯುವ ವಾಚ್‌ಮನ್ ಇದ್ದ ಹಾಗೆ ಅದು. ವಿಂಡೋಸ್ ಏನೋ ಕೆಲಸ ಮಾಡುತ್ತಿದ್ದರೂ, ಕೀಬೋರ್ಡ್ ಮುಟ್ಟಿಲ್ಲ ಅಂತ ಬಯೋಸ್ ಮಲಗಿಸಿಬಿಡಬಹುದಿತ್ತು.

ಈ ಜಗಳ ಬಗೆಹರಿಸಲು 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಮೂರೂ ಸೇರಿ ಎಸಿಪಿಐ ಅನ್ನೋ ಹೊಸ ಒಪ್ಪಂದ ಬರೆದವು. ಇವತ್ತು ನಿಮ್ಮ ಮೇಜಿನ ಮೇಲಿರುವ ಪಿಸಿ ಕೂಡ ಅದರ ಮಾತನ್ನೇ ಕೇಳೋದು. ಇದರ ಪ್ರಕಾರ ಯಜಮಾನಿಕೆ ಆಪರೇಟಿಂಗ್ ಸಿಸ್ಟಮ್‌ಗೆ. ಬಯೋಸ್ ಒಂದು ಪಟ್ಟಿ ಬರೆದು ಕೊಡಬೇಕು: ಈ ಬೋರ್ಡಿನಲ್ಲಿ ಏನೇನಿದೆ, ಯಾವುದನ್ನು ಹೇಗೆ ಮಲಗಿಸಬೇಕು, ಹೇಗೆ ಎಬ್ಬಿಸಬೇಕು. ನಿದ್ದೆಗೂ ನಂಬರ್ ಕೊಟ್ಟರು. ಎಸ್3 ಅಂದರೆ ನಾವು ಸ್ಲೀಪ್ ಅನ್ನೋದು. ಎಸ್4 ಅಂದರೆ ಹೈಬರ್ನೇಟ್. ಎಸ್5 ಅಂದರೆ ಶಟ್‌ಡೌನ್.

ಎಸ್3ರಲ್ಲಿ ಏನಾಗುತ್ತೆ ನೋಡಿ. ಪ್ರೊಸೆಸರ್ ಆಫ್. ಹಾರ್ಡ್ ಡಿಸ್ಕ್ ಆಫ್. ಗ್ರಾಫಿಕ್ಸ್ ಕಾರ್ಡ್ ಆಫ್. ಉಳಿಯೋದು ರ‍್ಯಾಮ್ ಒಂದೇ. ನೀವು ತೆರೆದಿಟ್ಟ ಫೈಲು, ಅರ್ಧ ಬರೆದ ಮೇಲ್, ಎಲ್ಲ ಅಲ್ಲೇ ಇರುತ್ತೆ. ಆದರೆ ರ‍್ಯಾಮ್ ಸ್ವಭಾವದಲ್ಲೇ ಸೋರುವ ಕೊಡ. 1968ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಐಬಿಎಂನ ರಾಬರ್ಟ್ ಡೆನಾರ್ಡ್ ಒಂದೊಂದು ಬಿಟ್ಟನ್ನೂ ಒಂದು ಪುಟ್ಟ ಕೆಪ್ಯಾಸಿಟರಿನಲ್ಲಿ ಚಾರ್ಜ್ ರೂಪದಲ್ಲಿ ಇಟ್ಟರು. ಚಾರ್ಜ್ ಸೋರುತ್ತೆ. ಅದಕ್ಕೇ ಇವತ್ತಿನ ರ‍್ಯಾಮ್‌ಗಳಲ್ಲಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಎಲ್ಲವನ್ನೂ ಮತ್ತೆ ತುಂಬಬೇಕು, ಯಂತ್ರ ಮಲಗಿದ್ದಾಗಲೂ.

ಮಲಗಿದ್ದಾಗ ತುಂಬೋಕೆ ಕರೆಂಟ್ ಎಲ್ಲಿಂದ? ಅದಕ್ಕೆ 1995ರ ಎಟಿಎಕ್ಸ್ ಅನ್ನೋ ಇಂಟೆಲ್ ಮಾನದಂಡಕ್ಕೆ ಹೋಗಬೇಕು. ಅಲ್ಲಿಂದಾಚೆಗೆ ಡೆಸ್ಕ್‌ಟಾಪ್ ಪವರ್ ಸಪ್ಲೈಯಲ್ಲಿ 5 ವೋಲ್ಟಿನ ಒಂದು ಸಣ್ಣ ಲೈನ್ ಸದಾ ಜೀವಂತ. ಪಿಸಿ ಆಫ್ ಅಂತ ನೀವು ಅಂದುಕೊಂಡಾಗಲೂ ಅದು ಇರುತ್ತೆ. ನಮ್ಮ ಕಡೆ ಬಾವಿಗೆ ಪಂಪ್‌ಸೆಟ್ ಇಟ್ಟವರಿಗೆ ಇದು ಬೇಗ ಅರ್ಥವಾಗುತ್ತೆ. ಮೋಟಾರ್ ನಿಂತಾಗ ಪೈಪಿನಲ್ಲಿರುವ ನೀರು ಕೆಳಗಿಳಿಯದಂತೆ ಹಿಡಿದಿರೋದು ಫುಟ್‌ವಾಲ್ವ್. ಅದು ಸರಿಯಿದ್ದರೆ ಸ್ವಿಚ್ ಹಾಕಿದ ಕೂಡಲೇ ನೀರು. ಅದು ಸೋರಿದರೆ ಮೋಟಾರ್ ಬರೀ ತಿರುಗುತ್ತೆ, ನೀರು ಬರಲ್ಲ, ಮತ್ತೆ ಕೊಡ ಹಿಡಿದು ನೀರು ಹುಯ್ಯಬೇಕು. ಆ 5 ವೋಲ್ಟಿನ ಲೈನೇ ಪಿಸಿಯ ಫುಟ್‌ವಾಲ್ವ್.

ಆ ಫುಟ್‌ವಾಲ್ವುಗಳೇ ಗುಂಪುಗುಂಪಾಗಿ ಸೋರಿದ ಕಾಲವೊಂದಿತ್ತು. 1999ರ ಸುಮಾರಿಗೆ ಶುರುವಾಗಿ ಕೆಲವು ವರ್ಷ ಮಾರುಕಟ್ಟೆಗೆ ಬಂದ ಬಹಳಷ್ಟು ಮದರ್‌ಬೋರ್ಡ್, ಪವರ್ ಸಪ್ಲೈಗಳಲ್ಲಿ ಕಳಪೆ ಕೆಪ್ಯಾಸಿಟರುಗಳಿದ್ದವು. ಒಳಗಿನ ದ್ರಾವಣ ಸರಿಯಿಲ್ಲದೆ ಅವು ತಲೆ ಉಬ್ಬಿಸಿಕೊಂಡು ಒಡೆಯುತ್ತಿದ್ದವು. ಜಗತ್ತಿನ ದೊಡ್ಡ ದೊಡ್ಡ ಬ್ರ್ಯಾಂಡುಗಳೂ ಸಿಕ್ಕಿಬಿದ್ದವು. ಈಗಲೂ ಹಳೇ ಡೆಸ್ಕ್‌ಟಾಪ್ ಬಿಚ್ಚಿದ ಮೆಕ್ಯಾನಿಕ್ ಮೊದಲು ನೋಡೋದು ಯಾವ ಕೆಪ್ಯಾಸಿಟರ್ ತಲೆ ಉಬ್ಬಿದೆ ಅಂತ. ಆ ಅಭ್ಯಾಸ ಒಳ್ಳೆಯದೇ. ಆದರೆ ಎದ್ದಾಗ ಸಾಯುವ ಪ್ರತಿ ಪಿಸಿಯ ತಪ್ಪೂ ಅದಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ನಿದ್ದೆಯನ್ನು ಕಂಡುಹಿಡಿದ ದೇಶದಲ್ಲಿ ಗೋಡೆಯ ಪ್ಲಗ್ಗಿನಲ್ಲಿ ಕರೆಂಟ್ ಇದ್ದೇ ಇರುತ್ತೆ ಅಂತ ಎಲ್ಲರೂ ನಂಬಿದ್ದರು. ನಮ್ಮಲ್ಲಿ? ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಗಿದ್ದು 1902ರಲ್ಲಿ, ಬೆಂಗಳೂರಿನ ಬೀದಿಗೆ ದೀಪ ಬಂದಿದ್ದು 1905ರಲ್ಲಿ. ಅದಾಗಿ ನೂರು ವರ್ಷ ಕಳೆದ ಮೇಲೂ ನಮ್ಮೂರಲ್ಲಿ ತ್ರೀ ಫೇಸ್ ಕರೆಂಟ್ ಬರುತ್ತಿದ್ದದ್ದು ನಡುರಾತ್ರಿ. ಅದಕ್ಕೇ ರೈತರು ಪಂಪ್‌ಸೆಟ್‌ಗೆ ಆಟೋ ಸ್ಟಾರ್ಟರ್ ಹಾಕಿಸಿಕೊಂಡರು.

ಬೆಂಗಳೂರಿನ ಹೊರವಲಯದಲ್ಲಿ ಕಂಪ್ಯೂಟರ್ ಉದ್ಯಮ ಬೆಳೆದದ್ದೂ ಈ ಕರೆಂಟಿನ ನಡುವೆಯೇ. ಕಿಯೋನಿಕ್ಸ್‌ನ ಆರ್. ಕೆ. ಬಾಳಿಗಾ ಅವರು 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಊರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಿಸಲು ಹೊರಟಾಗ ಅದೊಂದು ದೂರದ ಹೊಲಗಾಡು. 1990ರ ದಶಕದಲ್ಲಿ ಸಿಂಗಪುರದವರ ಸಹಭಾಗಿತ್ವದಲ್ಲಿ ವೈಟ್‌ಫೀಲ್ಡಿನ ಐಟಿಪಿಎಲ್ ಎದ್ದಾಗ, ಅದರ ದೊಡ್ಡ ಆಕರ್ಷಣೆಗಳಲ್ಲಿ ಒಂದು ಅದರ ಸ್ವಂತ ವಿದ್ಯುತ್ ಘಟಕ. ಕಟ್ಟಡದ ಗಾಜಿಗಿಂತ ಅದು ಮುಖ್ಯ. ಹೊರಗೆ ಊರಿಗೆ ಊರೇ ಕತ್ತಲಾದರೂ ಒಳಗಿನ ಕಂಪ್ಯೂಟರ್ ನಿರಾತಂಕವಾಗಿ ಮಲಗಬಹುದು. ಬೇರೆ ಕ್ಯಾಂಪಸ್ಸುಗಳು ಯುಪಿಎಸ್, ಡೀಸೆಲ್ ಜನರೇಟರ್ ಇಟ್ಟುಕೊಂಡವು.

ನಗರದ ಇನ್ನೊಂದು ತುದಿಯ ಪೀಣ್ಯದ ಸಣ್ಣ ಶೆಡ್ಡುಗಳಿಗೆ ಆ ಭಾಗ್ಯ ಇರಲಿಲ್ಲ. ನಾಲ್ಕು ಮೆಷಿನ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವನು ಜನರೇಟರಿಗೆ ಎಲ್ಲಿ ಹೋಗ್ತಾನೆ? ಮೂಲೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ಅದಕ್ಕೊಂದು ಚಿಕ್ಕ ಯುಪಿಎಸ್, ಅದರ ಬ್ಯಾಟರಿ ಸತ್ತು ವರ್ಷವಾಗಿರುತ್ತೆ. ರ‍್ಯಾಮ್ ಸೋರುವ ಕೊಡ, ಕರೆಂಟ್ ಹೋದರೆ ಕೊಡ ಖಾಲಿ. ಬಂದು ಎಬ್ಬಿಸಿದರೆ ಮೊದಲಿಂದ ಶುರು. ಜನ ಇದನ್ನೂ "ಏಳೋವಾಗ ಕ್ರ್ಯಾಶ್ ಆಯ್ತು" ಅಂತಲೇ ಹೇಳೋದು. ನಿಜವಾಗಿ ಅದು ಏಳೋವಾಗ ಸತ್ತಿದ್ದಲ್ಲ, ನಿದ್ದೆಯಲ್ಲೇ ಸತ್ತಿದ್ದು.

ಇದಕ್ಕೆ ಮದ್ದು 2007ರಲ್ಲಿ ಬಂತು. ಆ ವರ್ಷ ಜನರ ಕೈಸೇರಿದ ವಿಂಡೋಸ್ ವಿಸ್ತಾವನ್ನು ಎಲ್ಲರೂ ಬೈದರು, ಆದರೆ ಡೆಸ್ಕ್‌ಟಾಪಿಗೆ ಅದು ಹೈಬ್ರಿಡ್ ಸ್ಲೀಪ್ ಅನ್ನೋ ಒಂದು ಒಳ್ಳೇ ಸೌಕರ್ಯ ತಂದಿತ್ತು. ಮಲಗುವ ಮೊದಲು ರ‍್ಯಾಮಿನಲ್ಲಿ ಇರೋದನ್ನು ಹಾರ್ಡ್ ಡಿಸ್ಕಿಗೂ ಒಂದು ಪ್ರತಿ ಬರೆದಿಡುತ್ತೆ. ಕರೆಂಟ್ ಇದ್ದರೆ ರ‍್ಯಾಮಿನಿಂದ ಥಟ್ಟನೆ ಏಳುತ್ತೆ, ಹೋಗಿದ್ದರೆ ಡಿಸ್ಕಿನಿಂದ ನಿಧಾನವಾಗಿ ಏಳುತ್ತೆ. ಕೆಲಸ ಮಾತ್ರ ಉಳಿಯುತ್ತೆ. ಪವರ್ ಆಪ್ಷನ್ಸ್ ಒಳಗೆ ಇದು ಆನ್ ಇದೆಯಾ ಅಂತ ಒಮ್ಮೆ ನೋಡಿ.

ಈಗ ಅಸಲಿ ರೋಗಕ್ಕೆ ಬರೋಣ: ಕರೆಂಟ್ ಇದೆ, ಕೆಪ್ಯಾಸಿಟರ್ ಸರಿಯಿದೆ, ಆದರೂ ಏಳುವಾಗಲೇ ಸಾಯುತ್ತೆ. ಇದಕ್ಕೆ ಕಾರಣ ಆ 1996ರ ಒಪ್ಪಂದದೊಳಗೇ ಇದೆ. ಮಲಗೋವಾಗ ಎಲ್ಲರೂ ಎಚ್ಚರ ಇರುತ್ತಾರೆ, ಎಲ್ಲರಿಗೂ ಎಲ್ಲ ಗೊತ್ತಿರುತ್ತೆ. ಏಳೋವಾಗ ಹಾಗಲ್ಲ. ಮೊದಲು ಬಯೋಸ್ ಎದ್ದು ರ‍್ಯಾಮನ್ನು ಸರಿಮಾಡಿ, ಯಜಮಾನಿಕೆಯನ್ನು ವಿಂಡೋಸ್‌ಗೋ ಲಿನಕ್ಸ್‌ಗೋ ಒಪ್ಪಿಸಬೇಕು. ಅದು ಪ್ರೊಸೆಸರನ್ನು ಮೊದಲಿನ ಸ್ಥಿತಿಗೆ ತಂದು ಒಂದೊಂದೇ ಡ್ರೈವರನ್ನು ಕರೆಯಬೇಕು. ಗ್ರಾಫಿಕ್ಸ್ ಡ್ರೈವರ್, ಡಿಸ್ಕ್ ಡ್ರೈವರ್, ನೆಟ್‌ವರ್ಕ್, ಯುಎಸ್‌ಬಿ. ಪ್ರತಿಯೊಬ್ಬರೂ ತಮ್ಮ ತಮ್ಮ ಯಂತ್ರ ಮಲಗುವ ಮೊದಲು ಹೇಗಿತ್ತೋ ಹಾಗೆ ಮಾಡಿ "ಆಯ್ತು" ಅನ್ನಬೇಕು. ಒಬ್ಬ ಬರೆದದ್ದು ತೈವಾನಿನಲ್ಲಿ, ಒಬ್ಬ ಕ್ಯಾಲಿಫೋರ್ನಿಯಾದಲ್ಲಿ, ಒಬ್ಬ ಇಲ್ಲೇ ಮಾರತಹಳ್ಳಿ ರಸ್ತೆಯಲ್ಲಿ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಒಬ್ಬ "ಆಯ್ತು" ಅನ್ನದೇ ಹೋದರೆ ಇಡೀ ಮನೆ ನಿಂತುಹೋಗುತ್ತೆ.

ಸತ್ತಿದ್ದು ಯಾಕೆ ಅಂತ ತಿಳಿಯೋದೂ ಕಷ್ಟ. ಸ್ಕ್ರೀನ್ ಇನ್ನೂ ಎದ್ದಿಲ್ಲ, ಹಾಗಾಗಿ ಸಂದೇಶ ತೋರಿಸೋಕಾಗಲ್ಲ. ಡಿಸ್ಕ್ ಎದ್ದಿಲ್ಲ, ಬರೆದಿಡೋಕಾಗಲ್ಲ. 2006ರಲ್ಲಿ ಲಿನಕ್ಸ್ ಜನಕ ಲಿನಸ್ ಟೋರ್ವಾಲ್ಡ್ಸ್ ಇದಕ್ಕೊಂದು ಉಪಾಯ ಹುಡುಕಿದರು. ಪಿಸಿಯಲ್ಲಿ ಯಾವಾಗಲೂ ಎಚ್ಚರವಾಗಿರುವ ಇನ್ನೊಂದು ವಸ್ತು ಇದೆ, ನಾಣ್ಯದಂಥ ಬ್ಯಾಟರಿ ಮೇಲೆ ಓಡುವ ಗಡಿಯಾರ. ಒಂದೊಂದು ಡ್ರೈವರ್ ಏಳಿಸುವಾಗಲೂ ಅದರ ಗುರುತನ್ನು ಆ ಗಡಿಯಾರದೊಳಗೆ ದಿನಾಂಕದ ರೂಪದಲ್ಲಿ ಬರೆಯುವ ಹಾಗೆ ಮಾಡಿದರು. ಯಂತ್ರ ಸತ್ತರೆ ಕೆಲವೇ ನಿಮಿಷದೊಳಗೆ ಮತ್ತೆ ಆನ್ ಮಾಡಿ ಗಡಿಯಾರ ಓದಬೇಕು. ತಾರೀಖು ಎಲ್ಲೆಲ್ಲೋ ಹೋಗಿರುತ್ತೆ, ಆದರೆ ಆ ತಪ್ಪು ತಾರೀಖೇ ಕೊನೆಗೆ ಎಬ್ಬಿಸಲು ಹೋದದ್ದು ಯಾರನ್ನು ಅಂತ ಹೇಳುತ್ತೆ. ನನ್ನ ವೃತ್ತಿಯಲ್ಲಿ ನಾನು ಕೇಳಿದ ಅತ್ಯಂತ ಚಂದದ ಪತ್ತೇದಾರಿ ಕೆಲಸ ಇದು.

ಒಪ್ಪಂದದಲ್ಲಿ ರಾಜಕೀಯವೂ ಇತ್ತು. ಬಯೋಸ್ ಬರೆಯುವವರು ಹೆಚ್ಚಾಗಿ ವಿಂಡೋಸ್ ಜೊತೆ ಮಾತ್ರ ಪರೀಕ್ಷೆ ಮಾಡಿ ಕೈಬಿಡುತ್ತಿದ್ದರು. ಅಮೆರಿಕದ ಅಯೋವಾದ ಒಂದು ಮೊಕದ್ದಮೆಯಲ್ಲಿ ಬಿಲ್ ಗೇಟ್ಸ್ 1999ರಲ್ಲಿ ಬರೆದ ಒಂದು ಮೇಲ್ ಹೊರಗೆ ಬಂತು. ಎಸಿಪಿಐಯ ಈ ಸೌಕರ್ಯಗಳು ವಿಂಡೋಸ್‌ಗೆ ಮಾತ್ರ ಸಿಗುವಂತೆ ಮಾಡಬಹುದೇ ಅಂತ ಅವರು ಅದರಲ್ಲಿ ಯೋಚಿಸಿದ್ದರು. ಯೋಚನೆ ಕಾರ್ಯಕ್ಕೆ ಇಳಿಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಇವತ್ತಿಗೂ ಬಯೋಸ್ "ನೀನು ಯಾರು?" ಅಂತ ಕೇಳಿದರೆ ಲಿನಕ್ಸ್ "ನಾನು ವಿಂಡೋಸ್" ಅನ್ನುತ್ತೆ! ನಿಜ ಹೇಳಿದರೆ ಯಾರೂ ಪರೀಕ್ಷಿಸದ ದಾರಿಗೆ ಬಯೋಸ್ ಕರೆದುಕೊಂಡು ಹೋಗುತ್ತೆ ಅನ್ನೋ ಭಯ.

ಇಷ್ಟೆಲ್ಲ ಕಥೆ ಪೀಣ್ಯದ ಒಂದು ಶೆಡ್ಡಿನಲ್ಲಿ ಉಪಯೋಗಕ್ಕೆ ಬಂತು. ನಮ್ಮೂರಿನವನೇ ಒಬ್ಬ ಗೆಳೆಯ, ಐಟಿಐ ಮಾಡಿಕೊಂಡು ಬಂದವನು, ಈಗ ಅವನದೇ ಎರಡು ಮೆಷಿನ್ ಇವೆ. ಅದರಲ್ಲೊಂದು ಹಳೇ ವಿಎಂಸಿ. ಅದಕ್ಕೆ ಪ್ರೋಗ್ರಾಮ್ ಹೋಗೋದು ಸೀರಿಯಲ್ ಕೇಬಲ್ಲಿನಲ್ಲಿ. ಮೆಷಿನ್ನಿನ ಮೆಮೊರಿ ಚಿಕ್ಕದು, ಆದ್ದರಿಂದ ಉದ್ದದ ಪ್ರೋಗ್ರಾಮನ್ನು ಪಿಸಿ ಸ್ವಲ್ಪ ಸ್ವಲ್ಪವೇ ಕಳಿಸುತ್ತಿರಬೇಕು. ಡ್ರಿಪ್ ಫೀಡ್ ಅಂತಾರೆ, ನಮ್ಮ ತೋಟದ ಡ್ರಿಪ್ ಥರಾನೇ. ಪಿಸಿ ರಾತ್ರಿ ಮಲಗಿ ಬೆಳಿಗ್ಗೆ ಏಳುವಾಗ ನೀಲಿ ಸ್ಕ್ರೀನ್. "ಲೋ, ಮದರ್‌ಬೋರ್ಡ್ ಹೋಗಿದೆ ಅಂತಿದಾರೆ. ಹೊಸ ಪಿಸಿ ತಗೊಳ್ಳೋಣ ಅಂದ್ರೆ ಆ ಪ್ರೋಗ್ರಾಮ್ ಕಳಿಸೋ ಸಾಫ್ಟ್‌ವೇರ್ ಹೊಸ ವಿಂಡೋಸಲ್ಲಿ ಓಡಲ್ವಂತೆ. ಶನಿವಾರ ಜಾಬ್ ಕೊಡ್ಬೇಕು ಕಣೋ" ಅಂದ. ಜಾಬ್ ತಪ್ಪಿದರೆ ಆ ಗಿರಾಕಿ ಮತ್ತೆ ಬರಲ್ಲ. ಪೀಣ್ಯದಲ್ಲಿ ಪಕ್ಕದ ಶೆಡ್ಡಿನವನು ಯಾವಾಗಲೂ ಕಾಯುತ್ತಿರುತ್ತಾನೆ.

ಈವೆಂಟ್ ವ್ಯೂವರ್ ತೆರೆದರೆ ಕರ್ನಲ್ ಪವರ್ 41 ಅಂತ ಕೆಂಪು ಗುರುತು. ಬಹಳ ಜನ ಇದನ್ನು ನೋಡಿ ಪವರ್ ಸಪ್ಲೈ ಬದಲಿಸಿಬಿಡುತ್ತಾರೆ. ಅದರ ಅರ್ಥ ಅಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ. ಸಾವಿನ ಸುದ್ದಿ ಅದು, ಸಾವಿನ ಕಾರಣವಲ್ಲ. ಕಾರಣ ಇದ್ದದ್ದು ನೀಲಿ ಸ್ಕ್ರೀನಿನ ಮೇಲೆ: ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್. ಯಾವನೋ ಒಬ್ಬ ಡ್ರೈವರ್ "ಆಯ್ತು" ಅಂದಿಲ್ಲ.

ಯಾರು ಅಂತ ಹುಡುಕೋಕೆ ಹೊರಗಿನವರಿಂದ ಶುರು ಮಾಡಿದೆವು. ಪ್ರಿಂಟರ್ ಕಿತ್ತು ಹತ್ತು ಸಲ ಮಲಗಿಸಿ ಎಬ್ಬಿಸಿದರೂ ನಡುವೆ ಕ್ರ್ಯಾಶ್ ಬಂತು. ಮತ್ತೆ ಹಾಕಿ, ವಿಎಂಸಿಗೆ ಹೋಗುವ ಯುಎಸ್‌ಬಿ ಸೀರಿಯಲ್ ಕನ್ವರ್ಟರ್ ಕಿತ್ತೆವು. ಹತ್ತಕ್ಕೆ ಹತ್ತು ಸಲವೂ ಎದ್ದಿತು. ಕನ್ವರ್ಟರ್ ಹಾಕಿದೆವು, ಮೂರನೇ ಸಲಕ್ಕೆ ನೀಲಿ. ವಿಂಡೋಸ್ ಫೋಲ್ಡರಿನೊಳಗಿನ ಮಿನಿಡಂಪ್ ಫೈಲ್ ತೆರೆದಾಗ ಅದೇ ಕನ್ವರ್ಟರಿನ ಡ್ರೈವರ್ ಹೆಸರಿತ್ತು. ಯಾವ ಬ್ರ್ಯಾಂಡೂ ಇಲ್ಲದ ಅಗ್ಗದ ವಸ್ತು ಅದು. ಎಚ್ಚರ ಇದ್ದಾಗ ಚೆನ್ನಾಗೇ ಕೆಲಸ ಮಾಡುತ್ತೆ. ಮಲಗಿ ಏಳುವ ಪಾಠವನ್ನು ಮಾತ್ರ ಯಾರೂ ಅದಕ್ಕೆ ಕಲಿಸಿಲ್ಲ.

ಮದ್ದು ಪಿಸಿಯ ಒಳಗೇ ಇತ್ತು. ಆ ಹಳೇ ಮದರ್‌ಬೋರ್ಡಿನ ಅಂಚಿನಲ್ಲಿ ಕಾಮ್ ಪೋರ್ಟಿನ ಪಿನ್ನುಗಳು ಖಾಲಿ ಬಿದ್ದಿದ್ದವು. ಅದಕ್ಕೊಂದು ಬ್ರ್ಯಾಕೆಟ್ ಕೇಬಲ್ ತಂದು ಹಾಕಿ ಕನ್ವರ್ಟರನ್ನೇ ತೆಗೆದೆವು. ಬೋರ್ಡಿನ ಬೆಲೆ ಎಲ್ಲಿ, ಕೇಬಲ್ಲಿನ ಬೆಲೆ ಎಲ್ಲಿ! ಹೈಬ್ರಿಡ್ ಸ್ಲೀಪ್ ಆನ್ ಮಾಡಿದೆವು. ಡ್ರಿಪ್ ಫೀಡ್ ನಡೆಯುವಾಗ ಪಿಸಿ ತಾನಾಗೇ ಮಲಗದಂತೆ ಟೈಮರ್ ತೆಗೆದು, ರಾತ್ರಿ ಕೈಯಾರೆ ಮಲಗಿಸೋದು ಅಂತ ಮಾಡಿದೆವು. ಜಾಬ್ ಶನಿವಾರವೇ ಹೋಯಿತು.

"ಅಷ್ಟೊಂದು ತಲೆನೋವು ಯಾಕೆ, ಸ್ಲೀಪೇ ಬೇಡ, ರಾತ್ರಿಯಿಡೀ ಆನ್ ಇರಲಿ" ಅನ್ನೋರಿದ್ದಾರೆ. ಸುಮ್ಮನೆ ಕೂತ ಡೆಸ್ಕ್‌ಟಾಪ್ 50 ವ್ಯಾಟ್ ತಿಂದರೆ, ರಾತ್ರಿ 14 ಗಂಟೆಗೆ 0.7 ಯೂನಿಟ್. ವರ್ಷಕ್ಕೆ 300 ರಾತ್ರಿ ಅಂದರೆ 210 ಯೂನಿಟ್. ಒಂದು ಪಿಸಿಗೆ ಇಷ್ಟು. ಊರಲ್ಲಿ ಅದೇ ಕರೆಂಟಿಗೆ ಕಾದು ಕೂತವರನ್ನು ನೋಡಿ ಬೆಳೆದ ನನಗೆ ಅದು ಸಣ್ಣ ಲೆಕ್ಕ ಅನ್ನಿಸಲ್ಲ.

ಕಥೆ ಇನ್ನೂ ಮುಂದಕ್ಕೆ ಹೋಗಿದೆ. 2012ರ ವಿಂಡೋಸ್ 8 ಬಂದ ಮೇಲೆ ಹೊಸ ಲ್ಯಾಪ್‌ಟಾಪುಗಳಲ್ಲಿ ಎಸ್3 ನಿಧಾನಕ್ಕೆ ಮಾಯವಾಗುತ್ತಿದೆ. ಅದರ ಜಾಗದಲ್ಲಿ ಮೊಬೈಲ್ ಥರದ ನಿದ್ದೆ ಬಂದಿದೆ, ಸ್ಕ್ರೀನ್ ಆರಿದ್ದರೂ ಒಳಗೆ ಅರ್ಧ ಎಚ್ಚರ. ನಿದ್ದೆ ಮಾಡುವವರನ್ನು ಎಬ್ಬಿಸಬಹುದು, ನಿದ್ದೆ ಬಂದ ಹಾಗೆ ನಟಿಸುವವರನ್ನು ಎಬ್ಬಿಸೋಕಾಗಲ್ಲ ಅಂತಾರಲ್ಲ, ಬ್ಯಾಗಿನೊಳಗೆ ಬಿಸಿಯಾಗಿ ಬ್ಯಾಟರಿ ಖಾಲಿ ಮಾಡಿಕೊಳ್ಳುವ ಲ್ಯಾಪ್‌ಟಾಪ್ ನೋಡಿದಾಗ ನನಗೆ ಅದೇ ನೆನಪಾಗುತ್ತೆ. ಹಳೇ ಡೆಸ್ಕ್‌ಟಾಪುಗಳು ಮಾತ್ರ ಇನ್ನೂ 1996ರ ನಿದ್ದೆಯನ್ನೇ ಮಾಡುತ್ತಿವೆ. ಪೀಣ್ಯದಲ್ಲಿ, ಜೆರಾಕ್ಸ್ ಅಂಗಡಿಗಳಲ್ಲಿ, ಹಳ್ಳಿ ಶಾಲೆಗಳಲ್ಲಿ ಅವು ಬಹಳ ವರ್ಷ ಇರುತ್ತವೆ.

ಹಾಗಾಗಿ ನಿಮ್ಮ ಪಿಸಿ ಏಳೋವಾಗ ಸತ್ತರೆ, ದುಡ್ಡು ಬಿಚ್ಚುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಅದು ಮಲಗೋವಾಗ ಸತ್ತಿತಾ, ಮಲಗಿದ್ದಾಗ ಸತ್ತಿತಾ, ಏಳೋವಾಗ ಸತ್ತಿತಾ? ಮಲಗೋವಾಗಲೇ ನಿಂತರೆ ಯಾವುದೋ ಡ್ರೈವರ್ ಅಥವಾ ಪ್ರೋಗ್ರಾಮ್ ಒಪ್ಪುತ್ತಿಲ್ಲ. ಮಲಗಿದ್ದಾಗ ಸತ್ತರೆ ಕರೆಂಟ್, ಯುಪಿಎಸ್, ಪವರ್ ಸಪ್ಲೈ, ರ‍್ಯಾಮ್ ನೋಡಿ. ಏಳೋವಾಗ ಸತ್ತರೆ ಹೊರಗೆ ಚುಚ್ಚಿದ ವಸ್ತುಗಳನ್ನೆಲ್ಲ ಕಿತ್ತು, ಒಂದೊಂದೇ ಮತ್ತೆ ಹಾಕುತ್ತ ಪ್ರತಿ ಸಲ ಹತ್ತು ಬಾರಿ ಮಲಗಿಸಿ ಎಬ್ಬಿಸಿ. ಆಮೇಲೆ ಗ್ರಾಫಿಕ್ಸ್ ಡ್ರೈವರ್, ಆಮೇಲೆ ಬಯೋಸ್ ಅಪ್‌ಡೇಟ್. ಮದರ್‌ಬೋರ್ಡಿನ ಸರದಿ ಕೊನೆಗೆ.